ಹೂವಿನ ಗಿಡಗಳ ವೈರಸ್ ತಜ್ಞರ ವೃತ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೃಷಿ, ತೋಟಗಾರಿಕೆ ಓದುತ್ತಿರುವವರು, ಸಸ್ಯರೋಗಶಾಸ್ತ್ರದಲ್ಲಿ ಮುಂದೆ ಯಾವ ದಾರಿ ಹಿಡಿಯಬೇಕು ಎಂದು ಯೋಚಿಸುತ್ತಿರುವವರು ಮತ್ತು ನರ್ಸರಿ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು.

ಹೂವಿನ ಗಿಡಗಳಿಗೇ ಬೇರೆ ವೈರಸ್ ತಜ್ಞರು ಯಾಕೆ? ಟೊಮೆಟೊ, ಮೆಣಸಿನಕಾಯಿ ನೋಡುವವರು ಸಾಲದೆ?

ವೈರಸ್ ಒಂದೇ ಇರಬಹುದು, ಅದು ಹರಡುವ ದಾರಿ ಬೇರೆ. ಟೊಮೆಟೊ ಬೀಜದಿಂದ ಹುಟ್ಟುತ್ತದೆ. ಬಹುಪಾಲು ಸಸ್ಯ ವೈರಸ್‌ಗಳು ಬೀಜ ದಾಟಿ ಮುಂದಿನ ಪೀಳಿಗೆಗೆ ಹೋಗುವುದಿಲ್ಲ. ಹಾಗಾಗಿ ಪ್ರತಿ ಹಂಗಾಮಿನಲ್ಲೂ ಬೆಳೆ ಬಹುಮಟ್ಟಿಗೆ ಸ್ವಚ್ಛವಾಗಿಯೇ ಶುರುವಾಗುತ್ತದೆ. ಸೇವಂತಿಗೆ, ಕಾರ್ನೇಷನ್ ಬರುವುದು ಕುಡಿಯಿಂದ. ಗುಲಾಬಿ ಕಣ್ಣು ಕಸಿಯಿಂದ. ಗ್ಲಾಡಿಯೋಲಸ್, ಸುಗಂಧರಾಜ ಗಡ್ಡೆಯಿಂದ. ಜರ್ಬೆರಾ, ಆಂಥೂರಿಯಂ ಅಂಗಾಂಶ ಕೃಷಿಯಿಂದ. ಇಲ್ಲಿ ಬೀಜದ ಜರಡಿ ಇಲ್ಲ. ತಾಯಿಗಿಡದಲ್ಲಿದ್ದ ವೈರಸ್ ಅದರಿಂದ ತೆಗೆದ ಕುಡಿಗಳ ಜೊತೆ ಹೊರಟುಬಿಡುತ್ತದೆ, ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತದೆ. ಹಳೆಯ ತಳಿಯ ಒಂದೇ ಗಿಡದಲ್ಲಿ ಎರಡು ಮೂರು ವೈರಸ್ ಒಟ್ಟಿಗೆ ಸಿಗುವುದು ಸಾಮಾನ್ಯ.

ಆದ್ದರಿಂದ ಈ ತಜ್ಞರ ಕಣ್ಣು ಹೊಲಕ್ಕಿಂತ ಹೆಚ್ಚಾಗಿ ತಾಯಿಗಿಡದ ಮೇಲೆ ಇರುತ್ತದೆ. ರೈತರ ಪಾಲಿಹೌಸ್‌ನಲ್ಲಿ ರೋಗ ಕಂಡಾಗ ಕೇಳುವ ಮೊದಲ ಪ್ರಶ್ನೆ, "ಏನು ಸಿಂಪಡಿಸಿದಿರಿ?" ಎಂದಲ್ಲ. "ಸಸಿ ಎಲ್ಲಿಂದ ತಂದಿರಿ?" ಎಂದು.

ವೈರಸ್ ಇದ್ದೂ ಗಿಡ ಅಂದವಾಗಿಯೇ ಇದ್ದರೆ ತೊಂದರೆ ಏನು?

ಅಲಂಕಾರದ ಗಿಡಗಳಲ್ಲಿ ರೋಗವೇ ಅಂದವಾಗಿ ಮಾರಾಟವಾದದ್ದುಂಟು. 17ನೇ ಶತಮಾನದ ಹಾಲೆಂಡಿನಲ್ಲಿ ಬಿಳಿ ಅಥವಾ ಹಳದಿ ದಳದ ಮೇಲೆ ಕೆಂಪು ಜ್ವಾಲೆಯಂತೆ ಗೆರೆ ಹರಿದ ಟುಲಿಪ್‌ಗೆ ಜನ ಮುಗಿಬಿದ್ದರು. ಆ ಸಟ್ಟಾ ವ್ಯಾಪಾರ ಕುಸಿದದ್ದು 1637ರಲ್ಲಿ. ಗೆರೆಯ ಗುಟ್ಟು ಬಯಲಾಗಲು ಸುಮಾರು ಮುನ್ನೂರು ವರ್ಷ ಹಿಡಿಯಿತು. 1928ರಲ್ಲಿ ಇಂಗ್ಲೆಂಡಿನ ಡೊರೊಥಿ ಕೇಲಿ, ಗೆರೆ ಬಂದ ಗಡ್ಡೆಯ ತುಂಡನ್ನು ಚೆನ್ನಾಗಿದ್ದ ಗಡ್ಡೆಗೆ ಕಸಿ ಮಾಡಿ, ಇದು ಅಂಟುವ ಕಾಯಿಲೆ ಎಂದು ತೋರಿಸಿದರು. ಅದು ಗಿಡದ ರಸ ಹೀರುವ ಹೇನಿನಿಂದ (ಎಫಿಡ್) ಹರಡುವ, ಪಾಟಿವೈರಸ್ ಎಂಬ ಗುಂಪಿನ ವೈರಸ್. ದಳದ ಬಣ್ಣ ಅಲ್ಲಲ್ಲಿ ತಯಾರಾಗದಂತೆ ತಡೆದು ಗೆರೆ ಮೂಡಿಸುತ್ತದೆ, ಅದರ ಜೊತೆಗೇ ಗಡ್ಡೆಯನ್ನು ವರ್ಷ ವರ್ಷ ಸೊರಗಿಸುತ್ತದೆ. ಅತಿ ಬೆಲೆಯ ತಳಿಗಳು ನಿಧಾನವಾಗಿ ಕಾಣೆಯಾದದ್ದಕ್ಕೆ ಇದೂ ಕಾರಣ. ಇವತ್ತು ಸಿಗುವ ಗೆರೆ ಟುಲಿಪ್‌ಗಳಲ್ಲಿ ಹೆಚ್ಚಿನವು ತಳಿಗುಣದಿಂದ ಬಂದವು, ವೈರಸ್‌ನಿಂದಲ್ಲ.

ಹಳದಿ ಚುಕ್ಕೆಯ ಎಲೆಗಾಗಿಯೇ ಬೆಳೆಸುವ ಅಬುಟಿಲಾನ್‌ನ ಅಂದವೂ ಬಿಳಿನೊಣ ಹರಡುವ ಬೆಗೊಮೊವೈರಸ್ ಗುಂಪಿನ ಒಂದು ವೈರಸ್‌ನ ಕೊಡುಗೆ. ಹಾಗೆಂದು ಬಣ್ಣ ಬಣ್ಣದ ಎಲೆಯೆಲ್ಲ ರೋಗವಲ್ಲ, ಕ್ರೋಟನ್ ಗಿಡದವರು ಗಾಬರಿಯಾಗಬೇಕಿಲ್ಲ. ಅನುಮಾನ ಬಂದರೆ ಹಸಿರು ಗಿಡಕ್ಕೆ ಕಸಿ ಮಾಡಿ ನೋಡಬೇಕು. ಹಸಿರು ಗಿಡದ ಹೊಸ ಚಿಗುರಿಗೂ ಚುಕ್ಕೆ ದಾಟಿದರೆ ವೈರಸ್ಸು. ದಾಟದಿದ್ದರೆ ಅದು ಗಿಡದ ಸ್ವಂತ ಗುಣ ಆಗಿರುವ ಸಾಧ್ಯತೆಯೇ ಹೆಚ್ಚು.

ಈ ಕೆಲಸಕ್ಕೆ ಏನು ಓದಬೇಕು?

ಪಿಯುಸಿಯಲ್ಲಿ ವಿಜ್ಞಾನ, ಆಮೇಲೆ ನಾಲ್ಕು ವರ್ಷದ ಬಿ.ಎಸ್ಸಿ. (ಆನರ್ಸ್) ಕೃಷಿ ಅಥವಾ ತೋಟಗಾರಿಕೆ. ಕರ್ನಾಟಕದಲ್ಲಿ ಪ್ರವೇಶ ಸಿಇಟಿ ಮೂಲಕ. ಕೃಷಿಕರ ಕೋಟಾದಲ್ಲಿ ಸೀಟು ಬೇಕಾದವರು ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ಬಳಿಕ ಸಸ್ಯರೋಗಶಾಸ್ತ್ರದಲ್ಲಿ ಎರಡು ವರ್ಷದ ಎಂ.ಎಸ್ಸಿ., ಅಲ್ಲಿಂದ ಪಿಎಚ್.ಡಿ. ಸಸ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ ಓದಿದವರೂ ಸಂಶೋಧನಾ ಯೋಜನೆಗಳ ಮೂಲಕ ಒಳಗೆ ಬರುತ್ತಾರೆ. ಆದರೆ ಕೃಷಿ ವಿಶ್ವವಿದ್ಯಾಲಯಗಳ ಕಾಯಂ ಹುದ್ದೆಗೆ ಕೃಷಿ ಅಥವಾ ತೋಟಗಾರಿಕೆ ಪದವಿಯನ್ನೇ ಕೇಳುವುದು ಹೆಚ್ಚು. ಇದನ್ನು ಎಂ.ಎಸ್ಸಿ.ಗೆ ಸೇರುವ ಮೊದಲೇ ತಿಳಿದಿರಬೇಕು, ಪಿಎಚ್.ಡಿ. ಮುಗಿದ ಮೇಲೆ ತಿಳಿದರೆ ತುಂಬ ತಡ.

ವಿಷಯ ಆರಿಸಿಕೊಳ್ಳುವಾಗ ಎರಡು ಪಕ್ಕದ ವಿದ್ಯೆಗಳನ್ನು ಬಿಡಬೇಡಿ. ಒಂದು ಕೀಟಶಾಸ್ತ್ರ. ಥ್ರಿಪ್ಸ್ ಎಂಬ ಪುಟ್ಟ ರಸ ಹೀರುವ ಕೀಟದ ಜಾತಿಗಳನ್ನು ಸ್ಲೈಡಿನ ಮೇಲೆ ಗುರುತಿಸಲು ಬರದವರು ವೈರಸ್ ಹರಡುವಿಕೆಯ ಬಗ್ಗೆ ಅರ್ಧ ಮಾತ್ರ ಹೇಳಬಲ್ಲರು. ಇನ್ನೊಂದು ಜೈವಿಕ ಮಾಹಿತಿ ವಿಶ್ಲೇಷಣೆ, ಅಂದರೆ ಕಂಪ್ಯೂಟರಿನಲ್ಲಿ ಜೀನೋಮ್ (ಪೂರ್ತಿ ತಳಿ ಸಂಕೇತ) ಓದುವುದು. ಈಗ ಬಹುಪಾಲು ಹೊಸ ವೈರಸ್‌ಗಳು ಮೊದಲು ಕಾಣಿಸಿಕೊಳ್ಳುವುದು ಅಲ್ಲೇ.

ದಿನದ ಕೆಲಸ ಹೇಗಿರುತ್ತದೆ?

ಸಿನಿಮಾದಲ್ಲಿ ತೋರಿಸುವ ಪ್ರಯೋಗಾಲಯ ಮರೆತುಬಿಡಿ. ಬೆಳಿಗ್ಗೆ ಪರೀಕ್ಷಾ ಗಿಡಗಳಿಗೆ ನೀರು, ಹೇನು ಬಂದಿದೆಯೇ ಎಂದು ಎಲೆಯ ಹಿಂಬದಿ ನೋಡುವುದು, ಮಾದರಿ ಅರೆಯುವುದು, ತಟ್ಟೆ ತೊಳೆಯುವುದು, ಲೇಬಲ್ ಬರೆಯುವುದು, ಮತ್ತೆ ಲೇಬಲ್ ಬರೆಯುವುದು. ಹಂಗಾಮಿನಲ್ಲಿ ವಾರಕ್ಕೆ ಒಂದೆರಡು ದಿನ ಪಾಲಿಹೌಸ್ ಸುತ್ತಾಟ. ಹೋಗುವ ಕ್ರಮವೂ ಮುಖ್ಯ: ಮೊದಲು ಸ್ವಚ್ಛ ತಾಯಿಗಿಡಗಳ ಮನೆ, ಕೊನೆಗೆ ರೋಗದ ಮನೆ. ತಿರುಗುಮುರುಗು ಮಾಡಿದರೆ ಬಟ್ಟೆಯ ಮೇಲೆ ಕುಳಿತ ಥ್ರಿಪ್ಸ್ ನಿಮ್ಮ ಜೊತೆಯೇ ಪ್ರಯಾಣ ಮಾಡುತ್ತದೆ.

ಲಕ್ಷಣ ನೋಡಿಯೇ ಯಾವ ವೈರಸ್ ಎಂದು ಹೇಳಬಹುದೇ?

ಊಹಿಸಬಹುದು, ಹೇಳಲಾಗದು. ಹಸಿರು-ಹಳದಿ ಮೊಸಾಯಿಕ್, ಉಂಗುರದ ಚುಕ್ಕೆ, ಎಲೆ ಮುರುಟು, ದಳದಲ್ಲಿ ಬಣ್ಣ ಒಡೆಯುವುದು, ಗಿಡ ಕುಳ್ಳಾಗುವುದು ವೈರಸ್‌ನ ಗುರುತುಗಳೇ. ಆದರೆ ಕಬ್ಬಿಣದ ಕೊರತೆಯಲ್ಲೂ ಚಿಗುರೆಲೆ ಹಳದಿಯಾಗುತ್ತದೆ. ಪಕ್ಕದ ಹೊಲದಲ್ಲಿ ಹೊಡೆದ 2,4-ಡಿ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದರೆ ಎಲೆ ದಾರದಂತೆ ಸಣ್ಣದಾಗಿ ತಿರುಚಿಕೊಳ್ಳುತ್ತದೆ. ಮೈಟ್ ನುಸಿ ಬಿದ್ದರೂ ಚಿಗುರು ಮುದುಡುತ್ತದೆ. ಒಂದು ಸುಳಿವು: ಇಡೀ ಸಾಲಿನಲ್ಲಿ ಎಲ್ಲ ಗಿಡಗಳಿಗೂ ಒಂದೇ ದಿನ, ಒಂದೇ ರೀತಿ ಬಂದರೆ ಗೊಬ್ಬರ ಅಥವಾ ಔಷಧಿಯ ಕಡೆ ನೋಡಿ. ಒಂದು ಗಿಡ ಬಿಟ್ಟು ಇನ್ನೊಂದಕ್ಕೆ ಚದುರಿದಂತೆ ಬಂದರೆ ವೈರಸ್ ಕಡೆ ನೋಡಿ.

ಚೈನಾ ಆಸ್ಟರ್, ಸೇವಂತಿಗೆಯಲ್ಲಿ ಹೂವೇ ಹಸಿರಾಗಿ ಎಲೆಯ ಗೊಂಚಲಿನಂತೆ ಆಗುವ ರೋಗವನ್ನೂ ಅನೇಕರು ವೈರಸ್ ಎಂದೇ ಕರೆಯುತ್ತಾರೆ. ಅದು ಜಿಗಿಹುಳುವಿನಿಂದ ಹರಡುವ ಫೈಟೊಪ್ಲಾಸ್ಮಾ, ಕೋಶಗೋಡೆಯಿಲ್ಲದ ಬ್ಯಾಕ್ಟೀರಿಯಾ. 1967ರವರೆಗೆ ವಿಜ್ಞಾನಿಗಳೂ ಅದನ್ನು ವೈರಸ್ ಎಂದೇ ನಂಬಿದ್ದರು. ಆ ವರ್ಷ ಜಪಾನಿನ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡರು.

ಮಾದರಿ ತೆಗೆಯುವಾಗ ಏನು ತಪ್ಪುತ್ತದೆ?

ಒಣಗಿ ಸತ್ತ ಎಲೆ ಕಳಿಸುವುದು ಮೊದಲ ತಪ್ಪು. ಚಿಗುರಿನ ಕೆಳಗಿನ ಎಳೆ ಎಲೆ ಬೇಕು, ಅರ್ಧ ಲಕ್ಷಣ ಅರ್ಧ ಹಸಿರು ಇರುವಂಥದ್ದು. ಥ್ರಿಪ್ಸ್‌ನಿಂದ ಹರಡುವ ಟಾಸ್ಪೊವೈರಸ್‌ಗಳು ಗಿಡದಲ್ಲಿ ಸಮವಾಗಿ ಹರಡಿರುವುದಿಲ್ಲ, ಹಾಗಾಗಿ ಚುಕ್ಕೆಯ ಅಂಚನ್ನೇ ಕತ್ತರಿಸಬೇಕು. ಎದುರುಗಡೆಯ ಎಲೆ ಪರೀಕ್ಷೆಯಲ್ಲಿ ಖಾಲಿ ಬರಬಹುದು. ಗುಲಾಬಿಯ ಪ್ರೂನಸ್ ನೆಕ್ರೋಟಿಕ್ ರಿಂಗ್‌ಸ್ಪಾಟ್ ವೈರಸ್ ಬಿಸಿಲು ಏರಿದಂತೆ ಪತ್ತೆಗೆ ಸಿಗದಷ್ಟು ಇಳಿಯುತ್ತದೆ. ಅದನ್ನು ಚಳಿಯ ತಿಂಗಳುಗಳಲ್ಲಿ ಎಳೆ ಚಿಗುರಿನಿಂದ ನೋಡಬೇಕು, ಏಪ್ರಿಲ್‌ನಲ್ಲಿ ಬಂದ "ಇಲ್ಲ" ಎಂಬ ಫಲಿತಾಂಶವನ್ನು ನಂಬಬಾರದು.

ಎಲೆಯನ್ನು ಸ್ವಲ್ಪ ತೇವದ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಐಸ್ ಪ್ಯಾಕ್ ಜೊತೆ ಕಳಿಸಿ. ನೀರು ಸುರಿಯುವಷ್ಟು ಒದ್ದೆ ಮಾಡಿದರೆ ದಾರಿಯಲ್ಲೇ ಕೊಳೆಯುತ್ತದೆ. ಪ್ರತಿ ಗಿಡಕ್ಕೂ ಕೈಗವಸು ಬದಲಿಸಿ. ಆರೋಗ್ಯವಾಗಿರುವ ಅದೇ ತಳಿಯ ಎಲೆಯನ್ನೂ ಜೊತೆಗಿಡಿ. ಅದಿಲ್ಲದೆ ಪರೀಕ್ಷೆಯ ಅಂಕಿಗೆ ಅರ್ಥವೇ ಇಲ್ಲ.

ಎಲೈಸಾ, ಪಿಸಿಆರ್: ಯಾವುದು ಯಾವಾಗ?

ನೂರಾರು ಗಿಡ ಕಡಿಮೆ ಖರ್ಚಿನಲ್ಲಿ ನೋಡಬೇಕಾದರೆ ಎಲೈಸಾ, ಅಂದರೆ ಪ್ರತಿಕಾಯದಿಂದ ವೈರಸ್ ಹಿಡಿಯುವ ಪರೀಕ್ಷೆ. ಸಸ್ಯ ವೈರಸ್‌ಗೆ ಇದನ್ನು ಹೊಂದಿಸಿದ್ದು ಕ್ಲಾರ್ಕ್ ಮತ್ತು ಆಡಮ್ಸ್, 1977ರಲ್ಲಿ. 96 ಗುಳಿಗಳ ತಟ್ಟೆಗೆ ಆ ವೈರಸ್‌ನ ಪ್ರತಿಕಾಯ ಲೇಪಿಸಿ, 1 ಗ್ರಾಂ ಎಲೆಯನ್ನು 10 ಮಿ.ಲೀ. ಬಫರ್‌ನಲ್ಲಿ ಅರೆದ ರಸ ಹಾಕಿ, ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟು, ತೊಳೆದು, ಕಿಣ್ವ ಜೋಡಿಸಿದ ಪ್ರತಿಕಾಯ ಹಾಕಿ, ಮತ್ತೆ ತೊಳೆದು, ಕೊನೆಗೆ ಹಳದಿ ಬಣ್ಣವನ್ನು 405 ನ್ಯಾನೊಮೀಟರ್‌ನಲ್ಲಿ ಅಳೆಯುವುದು. ಆರೋಗ್ಯವಂತ ಗಿಡಗಳ ಸರಾಸರಿಯ ಎರಡು ಅಥವಾ ಮೂರು ಪಟ್ಟು ದಾಟಿದರೆ "ಇದೆ" ಎನ್ನುವುದು ವಾಡಿಕೆ. ಕೆಡುವುದು ಹೆಚ್ಚಾಗಿ ತೊಳೆಯುವಲ್ಲಿ. ಗುಳಿಯಲ್ಲಿ ರಸದ ಪಸೆ ಉಳಿದರೆ ಆರೋಗ್ಯವಂತ ಗಿಡವೂ ಹಳದಿ ತೋರಿಸುತ್ತದೆ.

ಎಲೈಸಾ ಹುಡುಕುವುದು ವೈರಸ್‌ನ ಪ್ರೋಟೀನ್ ಹೊದಿಕೆಯನ್ನು. ಸೇವಂತಿಗೆ ಕುಳ್ಳು ರೋಗ ತರುವುದು ವೈರಾಯ್ಡ್, ಹೊದಿಕೆಯೇ ಇಲ್ಲದ ಸುಮಾರು 354 ಅಕ್ಷರಗಳ ಬರಿಯ ಆರ್‌ಎನ್‌ಎ ಉಂಗುರ. ಅದನ್ನು ಎಲೈಸಾ ಎಷ್ಟು ಚೆನ್ನಾಗಿ ಮಾಡಿದರೂ ಹಿಡಿಯುವುದಿಲ್ಲ, ಆರ್‌ಎನ್‌ಎಯನ್ನೇ ಪ್ರತಿ ಮಾಡಿ ಹೆಚ್ಚಿಸಿ ಹುಡುಕುವ ಆರ್‌ಟಿ-ಪಿಸಿಆರ್ ಬೇಕೇ ಬೇಕು. "ಎಲೈಸಾ ಪಾಸಾದ ಸೇವಂತಿಗೆ" ಎಂಬ ಪ್ರಮಾಣಪತ್ರ ನೋಡಿ ಸಮಾಧಾನಪಡುವವರು ಈ ಒಂದು ಮಾತು ನೆನಪಿಟ್ಟುಕೊಳ್ಳಬೇಕು.

ಪಿಸಿಆರ್‌ಗೂ ಕಾಟಗಳುಂಟು. ಗುಲಾಬಿ ಎಲೆಯಲ್ಲಿ ಒಗರು ಪದಾರ್ಥ, ಆರ್ಕಿಡ್‌ನಲ್ಲಿ ಲೋಳೆ. ಇವು ಆರ್‌ಎನ್‌ಎ ಜೊತೆ ಬಂದು ಕಿಣ್ವವನ್ನು ಕಟ್ಟಿಹಾಕುತ್ತವೆ, ವೈರಸ್ ಇದ್ದರೂ ಫಲಿತಾಂಶ ತೋರಿಸುವ ಜೆಲ್ ಖಾಲಿ. ಅದಕ್ಕೇ ಪ್ರತಿ ಮಾದರಿಯಲ್ಲೂ ಗಿಡದ ಸ್ವಂತ ಜೀನ್ ಒಂದನ್ನು ಜೊತೆಗೆ ಹೆಚ್ಚಿಸಿ ನೋಡುತ್ತಾರೆ. ಅದೂ ಬರದಿದ್ದರೆ ಫಲಿತಾಂಶ "ಇಲ್ಲ" ಅಲ್ಲ, "ಪರೀಕ್ಷೆ ಆಗಿಲ್ಲ" ಎಂದರ್ಥ. ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳುವಾಗಿಸಿ ಮತ್ತೆ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬಫರ್‌ಗೆ ಪಿವಿಪಿ (ಪಾಲಿವಿನೈಲ್ ಪಿರೊಲಿಡೋನ್) ಸೇರಿಸುವುದು ಒಗರಿಗೆ ಮದ್ದು.

ಪಿಸಿಆರ್‌ನಲ್ಲಿ "ಇದೆ" ಬಂದರೆ ವೈರಸ್ ಇದೆ ಎಂದೇ ಅರ್ಥವೇ?

ಡೇಲಿಯಾ, ಪೆಟೂನಿಯಾಗಳಲ್ಲಿ ಹಾಗಲ್ಲ. ಕಾಲಿಮೊವೈರಸ್ ಗುಂಪಿನ ತುಣುಕುಗಳು ಈ ಗಿಡಗಳ ಸ್ವಂತ ಡಿಎನ್‌ಎಯೊಳಗೇ ಸೇರಿಹೋಗಿವೆ. ಡೇಲಿಯಾದಲ್ಲಿ ಡಿಎನ್‌ಎ ಪಿಸಿಆರ್ ಮಾಡಿದರೆ ಆರೋಗ್ಯವಂತ ಗಿಡವೂ ರೋಗಿಯಂತೆ ಕಾಣುತ್ತದೆ. ಪೆಟೂನಿಯಾದ ವೇನ್ ಕ್ಲಿಯರಿಂಗ್ ವೈರಸ್ ಇನ್ನೂ ತುಂಟ: ಗಾಯ, ಬಿಸಿಲಿನ ಒತ್ತಡ ಅಥವಾ ಅಂಗಾಂಶ ಕೃಷಿಯಿಂದಾಗಿ ಅದು ಜೀನೋಮ್‌ನೊಳಗಿಂದ ಎದ್ದು ನಿಜವಾದ ಸೋಂಕಾಗಬಹುದು, ಹೊರಗಿನಿಂದ ಯಾರೂ ತರಬೇಕಿಲ್ಲ. ಇಂಥಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ ಕಣ ಕಂಡರೆ ಮಾತ್ರ ಧೈರ್ಯವಾಗಿ ಹೇಳಬಹುದು.

ಗಿಡದಿಂದ ಗಿಡಕ್ಕೆ ರಸ ಹಚ್ಚುವ ಹಳೆಯ ಪರೀಕ್ಷೆ ಈಗಲೂ ಬೇಕೇ?

ಬೇಕು. ಯಂತ್ರ ತೋರಿಸುವುದು ವೈರಸ್‌ನ ಗುರುತು, ಗಿಡ ತೋರಿಸುವುದು ಅದರ ನಡತೆ. ಎಲೆಯನ್ನು 0.05 ಮೋಲಾರ್ ಫಾಸ್ಫೇಟ್ ಬಫರ್‌ನಲ್ಲಿ (ಪಿಎಚ್ 7.0ರಿಂದ 7.2) ತಂಪಾದ ಒರಳಿನಲ್ಲಿ ಅರೆಯಿರಿ. ಪರೀಕ್ಷಾ ಗಿಡದ ಎಲೆಗೆ 600 ಮೆಶ್ ಕಾರ್ಬೊರಂಡಂ ಪುಡಿಯನ್ನು ತೆಳುವಾಗಿ ಉದುರಿಸಿ, ರಸ ಅದ್ದಿದ ಹತ್ತಿಯಿಂದ ಒಂದೆರಡು ಸಲ ಮೃದುವಾಗಿ ಸವರಿ, ಕೂಡಲೇ ನೀರಿನಲ್ಲಿ ತೊಳೆಯಿರಿ. ಎಲೆಯ ಕೆಳಗೆ ಅಂಗೈ ಆಸರೆ ಇರಲಿ. ಒತ್ತಿ ಉಜ್ಜಿದರೆ ಜೀವಕೋಶ ಸತ್ತು, ಮಾರನೆಯ ದಿನ ಕಾಣುವ ಕಂದು ಕಲೆ ನಿಮ್ಮ ಬೆರಳಿನದೇ ಆಗಿರುತ್ತದೆ.

ನಿಕೋಟಿಯಾನಾ ಗ್ಲುಟಿನೋಸಾದಲ್ಲಿ ತಂಬಾಕು ಮೊಸಾಯಿಕ್ ವೈರಸ್ ಮೂರ್ನಾಲ್ಕು ದಿನದಲ್ಲಿ ಚುಕ್ಕೆ ಕೊಡುತ್ತದೆ. ಭಾರತದ ಪ್ರಯೋಗಾಲಯಗಳಲ್ಲಿ ಟಾಸ್ಪೊವೈರಸ್ ಗುಂಪಿನ ಶೇಂಗಾ ಬಡ್ ನೆಕ್ರೋಸಿಸ್ ವೈರಸ್‌ಗೆ ಸಿ-152 ತಳಿಯ ಅಲಸಂದೆ ನಂಬಿಕೆಯ ಗಿಡ. ಟಾಸ್ಪೊವೈರಸ್ ರಸ ಅರೆದ ಕೂಡಲೇ ಸಾಯತೊಡಗುತ್ತದೆ, ಹಾಗಾಗಿ ಬಫರ್‌ಗೆ ಸೋಡಿಯಂ ಸಲ್ಫೈಟ್ ಅಥವಾ ಮರ್ಕಾಪ್ಟೊಎಥನಾಲ್ ಸೇರಿಸಿ, ಎಲ್ಲವನ್ನೂ ಐಸ್ ಮೇಲಿಟ್ಟು ಹತ್ತು ನಿಮಿಷದೊಳಗೆ ಮುಗಿಸಬೇಕು. ಟೀ ಕುಡಿದು ಬಂದು ಹಚ್ಚಿದರೆ ಏನೂ ಬರುವುದಿಲ್ಲ.

ಯಾವ ಹೂವಿನಲ್ಲಿ ಯಾವ ವೈರಸ್ ಹೆಚ್ಚು ಕೆಲಸ ಕೊಡುತ್ತದೆ?

ಆರ್ಕಿಡ್‌ನಲ್ಲಿ ಸಿಂಬಿಡಿಯಂ ಮೊಸಾಯಿಕ್ ಮತ್ತು ಒಡೊಂಟೊಗ್ಲಾಸಮ್ ರಿಂಗ್‌ಸ್ಪಾಟ್. ಇವೆರಡನ್ನೂ ಹರಡುವ ಕೀಟ ಗೊತ್ತಿಲ್ಲ, ಹರಡುವುದು ಕತ್ತರಿ, ಕೈ, ಕುಂಡ. ಗ್ಲಾಡಿಯೋಲಸ್‌ನಲ್ಲಿ ಬೀನ್ ಯೆಲ್ಲೊ ಮೊಸಾಯಿಕ್. ಗುಲಾಬಿಯಲ್ಲಿ ಮೇಲೆ ಹೇಳಿದ ಪ್ರೂನಸ್ ವೈರಸ್. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ತಲೆನೋವು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯಿಂದ ಹರಡುವ ರೋಸ್ ರೊಸೆಟ್. ಸೇವಂತಿಗೆಯಲ್ಲಿ ವೈರಾಯ್ಡ್ ಮತ್ತು ಟಾಸ್ಪೊವೈರಸ್. ದಾಸವಾಳದಲ್ಲಿ ಬಿಳಿನೊಣ ತರುವ ಬೆಗೊಮೊವೈರಸ್. ಎಲ್ಲೆಡೆ ತಲೆಹಾಕುವುದು ಸೌತೆ ಮೊಸಾಯಿಕ್ ವೈರಸ್: ಸಾವಿರಕ್ಕೂ ಮೀರಿದ ಜಾತಿಯ ಗಿಡಗಳಿಗೆ ತಗಲುತ್ತದೆ, ಹರಡಲು ಹತ್ತಾರು ಜಾತಿಯ ಹೇನುಗಳಿವೆ.

ಔಷಧಿ ಇಲ್ಲವೇ?

ಬೆಳೆಯಲ್ಲಿ ಸಿಂಪಡಿಸಿ ವೈರಸ್ ಸಾಯಿಸುವ ಔಷಧಿ ಇಲ್ಲ. ಕೀಟನಾಶಕವೂ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಸೌತೆ ಮೊಸಾಯಿಕ್ ಹೊತ್ತ ಹೇನು ಎಲೆಗೆ ಸೂಜಿ ಚುಚ್ಚಿದ ಕೆಲವೇ ಸೆಕೆಂಡುಗಳಲ್ಲಿ ವೈರಸ್ ಇಳಿಸಿಬಿಡುತ್ತದೆ; ವಿಷ ಏರಿ ಅದು ಸಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಕೆಲವೊಮ್ಮೆ ಸಿಂಪಡಣೆಯಿಂದ ಕೆರಳಿದ ಹೇನು ಇನ್ನಷ್ಟು ಗಿಡಗಳಿಗೆ ಹಾರಿ ರೋಗವನ್ನೇ ಹೆಚ್ಚಿಸುತ್ತದೆ. ಇಂಥ ಕಡೆ ಖನಿಜ ತೈಲ ಉತ್ತಮ, ಹಾಲೆಂಡಿನ ಲಿಲ್ಲಿ, ಟುಲಿಪ್ ಬೆಳೆಗಾರರು ಅದನ್ನೇ ನಂಬಿದ್ದಾರೆ.

ಥ್ರಿಪ್ಸ್ ವಿಷಯ ಬೇರೆ. ಅದು ಮರಿಯಾಗಿದ್ದಾಗ ರೋಗದ ಗಿಡ ತಿಂದರೆ ಮಾತ್ರ ಮುಂದೆ ವೈರಸ್ ಹರಡಬಲ್ಲದು. ದೊಡ್ಡದಾದ ಮೇಲೆ ತಿಂದರೆ ಹರಡದು. ಅಂದರೆ ರೋಗದ ಗಿಡದ ಮೇಲೆ ಮರಿ ಬೆಳೆಯಲು ಬಿಡಬಾರದು, ಇದೇ ಗುಟ್ಟು. ಕಂಡ ಕೂಡಲೇ ಗಿಡ ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಒಯ್ಯಿರಿ. ಪಾಲಿಹೌಸ್ ಮೂಲೆಯಲ್ಲಿ ಗುಡ್ಡೆ ಹಾಕಿದರೆ ಎಲೆ ಬಾಡಿದಂತೆ ಥ್ರಿಪ್ಸ್ ಎದ್ದು ಪಕ್ಕದ ಸಾಲಿಗೆ ಹೋಗುತ್ತದೆ.

ಬಲೆ ಕಟ್ಟುವಾಗ ರಂಧ್ರದ ಅಳತೆ ನೋಡಿ: ಬಿಳಿನೊಣ ತಡೆಯಲು ಸುಮಾರು 0.46 ಮಿ.ಮೀ. ಸಾಕು, ಥ್ರಿಪ್ಸ್‌ಗೆ 0.19 ಮಿ.ಮೀ. ಬೇಕು. ಅಷ್ಟು ಸಣ್ಣ ಬಲೆ ಗಾಳಿ ತಡೆಯುತ್ತದೆ, ಹಾಗಾಗಿ ಬಲೆಯ ವಿಸ್ತಾರ ಹೆಚ್ಚಿಸದೆ ಬಟ್ಟೆ ಮಾತ್ರ ಬದಲಿಸಿದರೆ ಒಳಗೆ ಸೆಕೆ ಏರಿ ಹೂ ಕೆಡುತ್ತದೆ.

ರೋಗ ಬಂದ ತಳಿಯಿಂದ ವೈರಸ್ ಮುಕ್ತ ಗಿಡ ಮಾಡುವುದು ಹೇಗೆ?

ಈ ವೃತ್ತಿಯ ಅತಿ ಉಪಯುಕ್ತ ಕೈಕೆಲಸ ಇದೇ, ಹುಟ್ಟಿದ್ದೂ ಹೂವಿನ ಗಿಡದಲ್ಲೇ. 1952ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಮತ್ತು ಮಾರ್ಟಿನ್ ರೋಗದ ಡೇಲಿಯಾದ ಕುಡಿಯ ತುತ್ತತುದಿಯನ್ನು ಕತ್ತರಿಸಿ ಬೆಳೆಸಿ ಸ್ವಚ್ಛ ಗಿಡ ಪಡೆದರು. ಕುಡಿಯ ತುದಿಯಲ್ಲಿರುವ, ಸದಾ ವಿಭಜಿಸುವ ಜೀವಕೋಶಗಳಿಗೆ ವೈರಸ್ ತಲುಪುವುದು ಕಡಿಮೆ.

ಮೊದಲು ತಾಯಿಗಿಡವನ್ನು 37-38 ಡಿಗ್ರಿಯಲ್ಲಿ ನಾಲ್ಕರಿಂದ ಆರು ವಾರ ಇಡುತ್ತಾರೆ. ಕುಡಿಯನ್ನು ಶೇ 70ರ ಆಲ್ಕೋಹಾಲ್‌ನಲ್ಲಿ ಅರ್ಧ ನಿಮಿಷ, ಶೇ 1ರ ಸೋಡಿಯಂ ಹೈಪೊಕ್ಲೋರೈಟ್‌ನಲ್ಲಿ ಹತ್ತು ನಿಮಿಷ ಅದ್ದಿ, ಶುದ್ಧೀಕರಿಸಿದ ನೀರಿನಲ್ಲಿ ಮೂರು ಸಲ ತೊಳೆಯುತ್ತಾರೆ. ಸ್ಟೀರಿಯೊ ಸೂಕ್ಷ್ಮದರ್ಶಕದಡಿ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಒಂದೆರಡು ಎಲೆಮೊಗ್ಗಿನೊಡನೆ 0.2-0.3 ಮಿ.ಮೀ. ತುದಿ ತೆಗೆದು ಎಂಎಸ್ (ಮುರಾಶಿಗೆ-ಸ್ಕೂಗ್) ಎಂಬ ಪೋಷಕ ಮಾಧ್ಯಮದ ಮೇಲೆ ಇಡುತ್ತಾರೆ. ಸಕ್ಕರೆ ಶೇ 3, ಪಿಎಚ್ 5.8. ಇನ್ನೂ ಸಣ್ಣ ತೆಗೆದರೆ ಸ್ವಚ್ಛ, ಆದರೆ ಬದುಕುವುದು ಅಪರೂಪ. ಒಂದು ಮಿ.ಮೀ. ತೆಗೆದರೆ ಬದುಕುತ್ತದೆ, ವೈರಸ್ ಜೊತೆ. ಬ್ಲೇಡು ಪ್ರತಿ ಗಿಡಕ್ಕೂ ಹೊಸದು. ಕೆಳಗಿನ ಎಲೆ ಕತ್ತರಿಸಿದ ಬ್ಲೇಡಿನಲ್ಲೇ ತುದಿ ಕತ್ತರಿಸುವುದು ಕಲಿಯುವವರ ಸಾಮಾನ್ಯ ತಪ್ಪು.

ವೈರಾಯ್ಡ್‌ಗೆ ಈ ಬಿಸಿ ಚಿಕಿತ್ಸೆ ತಿರುಗುಬಾಣ, ಬಿಸಿಯಲ್ಲಿ ಅದು ಇನ್ನೂ ಹೆಚ್ಚುತ್ತದೆ. ಸೇವಂತಿಗೆಯ ವೈರಾಯ್ಡ್ ತೆಗೆಯಲು ಗಿಡವನ್ನು ಸುಮಾರು 5 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಟ್ಟು ಆಮೇಲೆ ತುದಿ ತೆಗೆಯುತ್ತಾರೆ.

ಹೊಸ ಗಿಡ ಪಾಸಾಯಿತೆಂದು ಒಂದೇ ಪರೀಕ್ಷೆಯಿಂದ ತೀರ್ಮಾನಿಸಬಾರದು. ಪತ್ತೆಗೆ ಸಿಗದಷ್ಟು ಉಳಿದ ವೈರಸ್ ಆರು ತಿಂಗಳ ನಂತರ ಮೇಲೇಳುವುದುಂಟು. ಬಾಟಲಿಯಲ್ಲಿ ಒಮ್ಮೆ, ಕುಂಡಕ್ಕೆ ಬಂದು ಕೆಲವು ತಿಂಗಳ ಮೇಲೆ ಒಮ್ಮೆ, ಹೂ ಬಂದಾಗ ಒಮ್ಮೆ ನೋಡಿ. ಹೂವಿನ ಬಣ್ಣ, ಆಕಾರ ತಳಿಗೆ ಸರಿಯಾಗಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಕತ್ತರಿ ಶುದ್ಧ ಮಾಡಲು ಸ್ಪಿರಿಟ್ ಸಾಕೇ?

ತಂಬಾಕು ಮೊಸಾಯಿಕ್ ಗುಂಪಿನ ವೈರಸ್‌ಗಳಿಗೆ ಸಾಲದು. ಒಂದು ಭಾಗ ಬ್ಲೀಚ್‌ಗೆ ಒಂಬತ್ತು ಭಾಗ ನೀರು, ಅಥವಾ ಶೇ 10ರ ಟ್ರೈಸೋಡಿಯಂ ಫಾಸ್ಫೇಟ್, ಅಥವಾ ಶೇ 20ರ ಕೆನೆರಹಿತ ಹಾಲಿನ ಪುಡಿಯ ದ್ರಾವಣ. ಹಾಲಿನ ಪುಡಿ ಕೇಳಿ ನಗಬೇಡಿ, ಅದರ ಪ್ರೋಟೀನ್ ವೈರಸ್ ಕಣಗಳಿಗೆ ಅಂಟಿಕೊಂಡು ಸೋಂಕು ತಡೆಯುತ್ತದೆ. ಎರಡು ಕತ್ತರಿ ಇಟ್ಟುಕೊಂಡು ಒಂದು ದ್ರಾವಣದಲ್ಲಿ ನೆನೆಯುವಾಗ ಇನ್ನೊಂದು ಬಳಸಿ. ಬ್ಲೀಚ್ ದ್ರಾವಣವನ್ನು ದಿನವೂ ಹೊಸದಾಗಿ ಮಾಡಿ. ಬೀಡಿ, ತಂಬಾಕು ಬಳಸುವವರು ಸಾಬೂನಿನಿಂದ ಕೈ ತೊಳೆದೇ ಗಿಡ ಮುಟ್ಟಬೇಕು. ಒಣ ತಂಬಾಕಿನಲ್ಲಿ ಆ ವೈರಸ್ ವರ್ಷಗಟ್ಟಲೆ ಬದುಕಿರುತ್ತದೆ.

ಈ ವೈರಸ್‌ಗಳು ಮನುಷ್ಯರಿಗೆ ತಗಲುತ್ತವೆಯೇ?

ಇಲ್ಲ. ರೋಗದ ಹೂ ಮುಡಿದರೂ ಪೂಜೆಗಿಟ್ಟರೂ ಏನೂ ಆಗದು.

ಹೊಸ ವೈರಸ್ ಸಿಕ್ಕಿದೆ ಎಂದು ಯಾವಾಗ ಹೇಳಬಹುದು?

ಇಡೀ ಆರ್‌ಎನ್‌ಎಯನ್ನು ಒಟ್ಟಿಗೆ ಓದುವ ಯಂತ್ರಗಳು ಬಂದ ಮೇಲೆ ಹೊಸ ಜೀನೋಮ್ ಸಿಗುವುದು ಸುಲಭವಾಗಿದೆ, ಅದೇ ರೋಗದ ಕಾರಣ ಎಂದು ತೋರಿಸುವುದು ಮಾತ್ರ ಹಳೆಯಷ್ಟೇ ಕಷ್ಟ. ಆ ವೈರಸ್ ಒಂದನ್ನೇ ಸ್ವಚ್ಛ ಗಿಡಕ್ಕೆ ದಾಟಿಸಿ ಅದೇ ಲಕ್ಷಣ ಬರಿಸಬೇಕು. ಮರದಂತಹ ಗಿಡಗಳಲ್ಲಿ ರಸ ಹಚ್ಚಿದರೆ ಹತ್ತುವುದಿಲ್ಲ, ಆಗ ಕಸಿ ಅಥವಾ ವೈರಸ್ ಜೀನೋಮ್‌ನ ಪ್ರತಿಯನ್ನು ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಮೂಲಕ ಒಳಗಿಳಿಸುವುದು. ಹೆಸರಿಡುವುದು ಅಂತರರಾಷ್ಟ್ರೀಯ ವೈರಸ್ ವರ್ಗೀಕರಣ ಸಮಿತಿಯ ನಿಯಮದಂತೆ. ಈಗ ಪ್ರಭೇದಕ್ಕೆ ಎರಡು ಪದದ ಹೆಸರು, ಸೌತೆ ಮೊಸಾಯಿಕ್‌ನದು "ಕುಕುಮೊವೈರಸ್ ಸಿಎಂವಿ".

ಉದ್ಯೋಗ ಎಲ್ಲೆಲ್ಲಿ ಇದೆ, ಸಂಬಳ ಎಷ್ಟು?

ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವೈರಸ್ ವಿಭಾಗ, ಪುಣೆಯ ಪುಷ್ಪಕೃಷಿ ನಿರ್ದೇಶನಾಲಯ, ಸಿಕ್ಕಿಮ್‌ನ ಪಾಕ್ಯೊಂಗ್‌ನ ಆರ್ಕಿಡ್ ಕೇಂದ್ರ, ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ಸಂಸ್ಥೆ, ಲಖನೌನ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ. ನಮ್ಮಲ್ಲಿ ಜಿಕೆವಿಕೆ, ಧಾರವಾಡ, ಬಾಗಲಕೋಟೆ, ಶಿವಮೊಗ್ಗದ ವಿಶ್ವವಿದ್ಯಾಲಯಗಳು. ವಿಜ್ಞಾನಿ ಹುದ್ದೆಗೆ ಎಎಸ್‌ಆರ್‌ಬಿಯ (ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ) ಎಆರ್‌ಎಸ್ (ಕೃಷಿ ಸಂಶೋಧನಾ ಸೇವೆ) ಪರೀಕ್ಷೆ, ಬೋಧನೆಗೆ ನೆಟ್ ಅರ್ಹತಾ ಪರೀಕ್ಷೆ. ಅರ್ಹತೆಯನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಿ. ಐಸಿಎಆರ್‌ನಲ್ಲಿ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಆರಂಭದ ಹಂತದ ವಿಜ್ಞಾನಿಯ ಮೂಲ ವೇತನ ಏಳನೇ ವೇತನ ಆಯೋಗದಂತೆ ರೂ. 57,700. 2023ರ ಪರಿಷ್ಕರಣೆಯಂತೆ ಕಿರಿಯ ಸಂಶೋಧಕರ ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ ರೂ. 37,000, ಹಿರಿಯ ಸಂಶೋಧಕರ ಎಸ್‌ಆರ್‌ಎಫ್ ರೂ. 42,000. ಕಾಯಂ ಹುದ್ದೆಗಳು ಕಡಿಮೆ; ಪಿಎಚ್.ಡಿ. ನಂತರ ಕೆಲವು ವರ್ಷ ಯೋಜನೆಯಿಂದ ಯೋಜನೆಗೆ ಅಲೆಯುವುದಕ್ಕೆ ಸಿದ್ಧವಿರಬೇಕು.

ಸರ್ಕಾರಿ ಸಂಶೋಧನೆಯ ಹೊರಗೆ ಇರುವ ಬಾಗಿಲುಗಳನ್ನು ಹೆಚ್ಚಿನವರು ನೋಡುವುದೇ ಇಲ್ಲ. ವಿದೇಶದಿಂದ ಬರುವ ಕುಡಿ, ಗಡ್ಡೆಗಳು 2003ರ ಸಸ್ಯ ಸಂಗರೋಧ ಆದೇಶದಂತೆ ತಪಾಸಣೆಗೊಳಗಾಗುತ್ತವೆ, ಅಲ್ಲಿ ವೈರಸ್ ಗೊತ್ತಿರುವವರು ಬೇಕು. ಅಂಗಾಂಶ ಕೃಷಿ ಸಸಿಗಳಿಗೆ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಶುರುಮಾಡಿದ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ಇದೆ. ಮಾನ್ಯತೆ ಪಡೆದ ಪರೀಕ್ಷಾ ಪ್ರಯೋಗಾಲಯಗಳಲ್ಲಿ ದಿನವೂ ಇದೇ ಕೆಲಸ. ಬೆಂಗಳೂರು, ಹೊಸೂರು, ಪುಣೆ ಸುತ್ತಲಿನ ಅಂಗಾಂಶ ಕೃಷಿ ಮತ್ತು ಸಸಿ ಕಂಪನಿಗಳಿಗೂ ತಾಯಿಗಿಡ ನೋಡುವವರು ಬೇಕು. ಹಾಲೆಂಡಿನಲ್ಲಿ ಹೂಗಡ್ಡೆ ತಪಾಸಣೆಗೆಂದೇ 1923ರಿಂದ ಒಂದು ಸಂಸ್ಥೆ ಇದೆ, ಟುಲಿಪ್ ಸಾಲುಗಳಲ್ಲಿ ನಡೆಯುತ್ತ ರೋಗದ ಗಿಡ ಹುಡುಕುವುದು ಅಲ್ಲಿ ಪ್ರತ್ಯೇಕ ಕಸುಬು.

ನಮ್ಮದು ಚಿಕ್ಕ ನರ್ಸರಿ. ಎಲ್ಲ ಗಿಡ ಪರೀಕ್ಷೆ ಮಾಡಿಸಲು ಹಣ ಎಲ್ಲಿಂದ ತರುವುದು?

ಎಲ್ಲವನ್ನೂ ಮಾಡಿಸಬೇಡಿ. ಪ್ರತಿ ತಳಿಗೆ ಹತ್ತರಿಂದ ಇಪ್ಪತ್ತು ತಾಯಿಗಿಡ ಬೇರ್ಪಡಿಸಿ, ಸಣ್ಣ ಬಲೆಮನೆಯಲ್ಲಿ ಒಂದರ ಹಿಂದೊಂದು ಎರಡು ಬಾಗಿಲಿಟ್ಟು ಬೆಳೆಸಿ, ಅವುಗಳನ್ನು ಮಾತ್ರ ವರ್ಷಕ್ಕೆ ಎರಡು ಸಲ, ಒಂದೊಂದನ್ನೂ ಬಿಡಿಯಾಗಿ ಪರೀಕ್ಷಿಸಿ. ಮಾರಾಟದ ಸಸಿಗಳಿಗೆ ಐದರಿಂದ ಹತ್ತು ಎಲೆ ಕೂಡಿಸಿ ಒಂದೇ ಎಲೈಸಾ ಮಾದರಿ ಮಾಡಬಹುದು. ತಾಯಿಗಿಡಕ್ಕೆ ಹಾಗೆ ಕೂಡಿಸಬೇಡಿ. ಕುಡಿ ತೆಗೆದ ಗಿಡದ ಸಂಖ್ಯೆಯನ್ನು ಟ್ರೇ ಮೇಲೆ ಬರೆಯಿರಿ. ರೋಗ ಬಂದರೆ ಯಾವ ತಾಯಿಗಿಡ ಎಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಹೊರಗಿನಿಂದ ಹೊಸ ತಳಿ ತಂದರೆ ನೇರವಾಗಿ ತಾಯಿಮನೆಗೆ ಒಯ್ಯದೆ ಮೂರು ತಿಂಗಳು ಬೇರೆ ಕಡೆ ಇಡಿ. ಸೇವಂತಿಗೆಯಾದರೆ ಆರು ತಿಂಗಳು ಇಡಿ, ಕುಳ್ಳು ವೈರಾಯ್ಡ್ ಅಷ್ಟು ಕಾಲ ಲಕ್ಷಣ ತೋರಿಸದೆ ಇರಬಲ್ಲದು.